ನಾಲ್ಕನೇ ಮುದ್ರಣ

ಬಾವುಟದ ಯಾವ ಬದಿ ತಲೆಯ ಕಡೆ ಬರಬೇಕು ಎಂದು ಸೋದರಮಾವನಿಗೂ ಶವದ ವ್ಯಾನಿನ ಡ್ರೈವರನಿಗೂ ಜಗಳ ಹತ್ತಿಕೊಂಡಿತ್ತು. ಅಮ್ಮನ ಶವಪೆಟ್ಟಿಗೆಯ ಮೇಲೆ ಅದನ್ನು ಎರಡು ಸಲ ತಿರುಗಿಸಿ ಹೊದಿಸಿದ್ದಾಯಿತು. ಮೂರನೇ ಸಲಕ್ಕೆ ಮಗಳು ಅದನ್ನು ಇಬ್ಬರ ಕೈಯಿಂದಲೂ ಕಸಿದುಕೊಂಡಳು.

"ಸಾಕು ಮಾವ. ಇದನ್ನ ತಂದಿದ್ದು ಯಾರು?"

"ಅಮ್ಮನ ಹಳೇ ವಿಮಾನದಳದವರು ಕಣೇ. ದಳಪತಿಗಳೇ ಖುದ್ದು ಬಂದಿದ್ದಾರೆ, ಈ ವಯಸ್ಸಲ್ಲಿ! ನಮ್ಮಕ್ಕನ ಅದೃಷ್ಟ ನೋಡು."

ದೊಡ್ಡ ಮನುಷ್ಯರು ಯಾರಾದರೂ ಕಣ್ಣಿಗೆ ಬಿದ್ದರೆ ಮಾವನಿಗೆ ಅದು ಸಾವಿನ ಮನೆ ಎನ್ನುವುದೂ ಮರೆತುಹೋಗುತ್ತಿತ್ತು. ಮಗಳು ಬಾವುಟವನ್ನು ಕುರ್ಚಿಯ ಮೇಲೆ ಹಾಕಿ ಹಜಾರದತ್ತ ನೋಡಿದಳು. ಕಿಟಕಿಯ ಪಕ್ಕದಲ್ಲಿ ಬಿಳಿ ಮೀಸೆಯ ದಳಪತಿ, ಕೋಟಿನ ತುಂಬ ಪದಕಗಳು. ಬಾಗಿಲ ಬಳಿ ನೆಟ್ಟಗೆ ಕೂತಿದ್ದ ಮುದುಕಿ ಯುದ್ಧದಲ್ಲಿ ಸತ್ತ ಪೈಲಟ್‌ನ ತಂಗಿ. ಅಣ್ಣನನ್ನು ಕೊಂದವಳೆಂದು ನಲವತ್ತೈದು ವರ್ಷ ಅಮ್ಮನಿಗೆ ಹಿಡಿಶಾಪ ಹಾಕಿದವಳು, ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದವಳು. ಇವತ್ತು ಅವಳೂ ಬಂದಿದ್ದಳು.

*

ಅಮ್ಮ ದಳದಲ್ಲಿ ಪ್ಯಾರಾಚೂಟ್ ಮಡಿಸುತ್ತಿದ್ದಳು. ಉದ್ದನೆಯ ಮೇಜು, ಅದರ ಮೇಲೆ ರೇಷ್ಮೆ ಬಟ್ಟೆ, ಇಪ್ಪತ್ತನಾಲ್ಕು ಹಗ್ಗ. ಒಂದು ಹಗ್ಗ ಇನ್ನೊಂದಕ್ಕೆ ಸುತ್ತಿಕೊಂಡರೂ ಮೇಲಿಂದ ಜಿಗಿದವನ ಕತೆ ಮುಗಿದಂತೆ. ಮಡಿಸಿದವಳು ಚೀಲದ ಜೇಬಿನಲ್ಲಿರುವ ಕಾರ್ಡಿಗೆ ಸಹಿ ಹಾಕಬೇಕು. ಜೀವ ಉಳಿಸಿಕೊಂಡು ಇಳಿದ ಪೈಲಟ್ ಆ ಸಹಿಯವಳನ್ನು ಹುಡುಕಿಕೊಂಡು ಬಂದು ಕೈಕುಲುಕುವುದು ದಳದ ಪದ್ಧತಿ. ಅಮ್ಮನ ಕೈ ಕುಲುಕಿದವರು ಮೂವರು. ಆ ಮೂವರ ಸುದ್ದಿ ಎತ್ತಿದರೆ ಸಾಕು, ಅವಳ ಮುಖ ಅರಳುತ್ತಿತ್ತು.

ಮಳೆಯಲ್ಲಿ ನೆನೆದ ಪ್ಯಾರಾಚೂಟಿಗೆ ಕೆಂಪು ಚೀಟಿ ಕಟ್ಟುತ್ತಿದ್ದರು. ಬಿಚ್ಚಿ, ಒಣಗಿಸಿ, ಮತ್ತೆ ಮಡಿಸುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಪೈಲಟ್ ಸತ್ತ ಆ ಬೆಳಗ್ಗೆ ಸೈರನ್ ಕೂಗಿದಾಗ ಒಂದು ಪ್ಯಾರಾಚೂಟ್ ಕಡಿಮೆ ಬಿತ್ತು. ದಳಪತಿ ಒಳಗೆ ನುಗ್ಗಿದವರೇ ಕೆಂಪು ಚೀಟಿ ಕಿತ್ತು ಜೇಬಿಗೆ ತುರುಕಿಕೊಂಡರು.

"ಸರ್, ಅದು ನೆನೆದಿದೆ. ಬಿಚ್ಕೊಳ್ಳಲ್ಲ." ಅಮ್ಮ ಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನನ್ನ ಜವಾಬ್ದಾರಿ. ಬಿಡು."

ಬಿಟ್ಟಳು. ಅದು ಬಿಚ್ಚಿಕೊಳ್ಳಲಿಲ್ಲ.

ವಿಚಾರಣೆಯ ಹಿಂದಿನ ದಿನ ದಳಪತಿ ಅವಳನ್ನು ಕರೆಸಿದರು. "ನನ್ನ ಮೇಲೆ ನಂಬಿಕೆ ಹೋದ್ರೆ ನಾಳೆ ಇವರ್ಯಾರೂ ಹಾರಲ್ಲ. ಈಗ ಸುಮ್ಮನಿರು. ಯುದ್ಧ ಮುಗೀಲಿ, ನಡೆದದ್ದನ್ನ ನಾನೇ ಬರೀತೀನಿ." ವಿಚಾರಣೆಯಲ್ಲಿ ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಕಾರ್ಡಿನಲ್ಲಿ ಅವಳ ಸಹಿ ಇತ್ತು, ಚೀಟಿ ಇರಲಿಲ್ಲ. ಗೂಬೆ ಕೂರಿಸಲು ಅಷ್ಟು ಸಾಕಾಯಿತು. ಕೆಲಸ ಕಳೆದುಕೊಂಡ ಅಮ್ಮ ಮುಂದೆ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸಿದಳು.

ಯುದ್ಧ ಮುಗಿಯಿತು. ದಳಪತಿ ಮಾತು ತಪ್ಪಲಿಲ್ಲ, ಬರೆದರು. ದಳದ ಚರಿತ್ರೆ, ಮುನ್ನೂರು ಪುಟ, ಗಟ್ಟಿ ರಟ್ಟು. ಅದರಲ್ಲಿ ಅಮ್ಮನ ಪಾಲಿಗೆ ಬಂದದ್ದು ಒಂದೇ ಸಾಲು: "ಪ್ಯಾರಾಚೂಟ್ ಮಡಿಸಿದವಳ ಅಜಾಗರೂಕತೆಯಿಂದ ನಮ್ಮ ಅತ್ಯುತ್ತಮ ಪೈಲಟ್‌ನನ್ನು ಕಳೆದುಕೊಂಡೆವು."

"ಮರೆತಿರಬೇಕು. ಮುಂದಿನ ಮುದ್ರಣದಲ್ಲಿ ತಿದ್ದುತ್ತಾರೆ," ಎಂದಳು ಅಮ್ಮ. ಎರಡನೆಯದನ್ನೂ ಕೊಂಡು ತಂದಳು, ಮೂರನೆಯದನ್ನೂ. ಆ ಸಾಲು ಹಾಗೇ ಇತ್ತು. ದಳಪತಿಯ ಮೇಲಿದ್ದಷ್ಟೇ ಸಿಟ್ಟು ಮಗಳಿಗೆ ಅಮ್ಮನ ಈ ನಂಬಿಕೆಯ ಮೇಲೂ ಇತ್ತು.

*

ನೀರು ಕುಡಿಯಲು ದಳಪತಿ ಅಡುಗೆಮನೆಗೆ ಬಂದಾಗ ಮಗಳು ಲೋಟ ಕೊಟ್ಟು ಬಾಗಿಲಿಗೆ ಅಡ್ಡ ನಿಂತಳು.

"ನಾಲ್ಕನೇ ಮುದ್ರಣ ಬರ್ತಿದೆಯಂತೆ, ಸರ್."

"ಹೂಂ. ಈ ಸಲ ಫೋಟೋಗಳೂ ಇವೆ."

"ಆ ಸಾಲು?"

ದಳಪತಿ ಲೋಟದೊಳಗೆ ನೋಡಿದರು. "ನೀನು ಹುಟ್ಟೇ ಇರಲಿಲ್ಲಮ್ಮ. ಆಗಿನ ಪರಿಸ್ಥಿತಿ ಬೇರೆ."

"ಚೀಟಿ ಕಿತ್ತಿದ್ದು ನೀವು ತಾನೇ?"

"ಅಲ್ಲ ಅಂತ ಯಾವತ್ತಾದ್ರೂ ಅಂದಿದ್ದೀನಾ?"

"ಹೌದು ಅಂತಲೂ ಅಂದಿಲ್ವಲ್ಲ." "ಪೈಲಟ್‌ನ ತಂಗಿ ಹೊರಗೆ ಕೂತಿದ್ದಾರೆ ಸರ್. ಅವರ ಕಿವಿಗೆ ಬೀಳೋ ಹಾಗೆ ಎರಡು ಮಾತು ಹೇಳಿ. ನಮ್ಮಮ್ಮ ಕಳಂಕ ಹೊತ್ಕೊಂಡು ಹೋಗೋದು ಬೇಡ."

ದಳಪತಿ ಅವಳ ತಲೆ ಸವರಿದರು. "ಹೇಳ್ತೀನಿ ಮಗು. ಖಂಡಿತ ಹೇಳ್ತೀನಿ."

ಅವಳು ನಂಬಿದಳು. ಎಷ್ಟಾದರೂ ಆ ತಾಯಿಯ ಮಗಳು.

ದಳಪತಿ ಹಜಾರದ ನಡುವೆ ನಿಂತು ಗಂಟಲು ಸರಿಮಾಡಿಕೊಂಡರು. ದಳದ ಶೌರ್ಯ ಹೇಳಿದರು, ಉರುಳಿಸಿದ ವೈರಿ ವಿಮಾನಗಳ ಲೆಕ್ಕ ಹೇಳಿದರು. ಆಮೇಲೆ ಅಮ್ಮನತ್ತ ತಿರುಗಿದರು. "ಬಹಳ ಒಳ್ಳೇ ಹೆಣ್ಣುಮಗಳು. ತಪ್ಪು ಯಾರಿಂದ ಆಗಲ್ಲ ಹೇಳಿ? ನಮ್ಮ ದಳ ಆಕೆಯನ್ನ ಯಾವತ್ತೋ ಕ್ಷಮಿಸಿಬಿಟ್ಟಿದೆ."

ಮಾವ ಕಣ್ಣೊರೆಸಿಕೊಂಡ. ಪೈಲಟ್‌ನ ತಂಗಿ ಎದ್ದು ತೆರೆದ ಪೆಟ್ಟಿಗೆಯ ಹತ್ತಿರ ಬಂದಳು.

"ಇಷ್ಟು ವರ್ಷ ನಿನ್ನ ಬೈದೆ. ಅದರಿಂದೇನು ನಮ್ಮಣ್ಣ ವಾಪಸ್ ಬರ್ಲಿಲ್ಲ," ಎಂದಳು. "ಸಾಕು. ನಾನೂ ಕ್ಷಮಿಸಿದೀನಿ ಕಣಮ್ಮ." ಕೈಯನ್ನು ಅಮ್ಮನ ಹಣೆಯ ಮೇಲಿಟ್ಟಳು.

ಶಾಪವನ್ನಾದರೂ ತಡೆದುಕೊಳ್ಳಬಹುದಿತ್ತು. ಈ ಕ್ಷಮೆಯನ್ನು ಹೊತ್ತು ಅಮ್ಮ ಮಣ್ಣಿಗೆ ಹೋಗಕೂಡದು. ಮಗಳು ಮುದುಕಿಯ ಕೈಯನ್ನು ಮೆಲ್ಲಗೆ ಎತ್ತಿದಳು.

"ಇದು ನಮ್ಮಮ್ಮನಿಗೆ ಸೇರಿದ್ದಲ್ಲ ದೊಡ್ಡಮ್ಮ. ಬನ್ನಿ."

ಕೈಹಿಡಿದು ನಡೆಸಿಕೊಂಡು ಹೋಗಿ ಆ ಕೈಯನ್ನು ದಳಪತಿಯ ಕೈಯಲ್ಲಿಟ್ಟಳು. "ಪ್ಯಾರಾಚೂಟ್ ನೆನೆದಿದೆ, ಬಿಚ್ಕೊಳ್ಳಲ್ಲ ಅಂತ ಅಮ್ಮ ಹೇಳಿದ್ಲು. ಕೇಳಿಸ್ಕೊಂಡೂ ಅದನ್ನ ನಿಮ್ಮಣ್ಣನಿಗೆ ಕೊಟ್ಟಿದ್ದು ಇವರು. ಕ್ಷಮಿಸೋದಿದ್ರೆ ಇವರನ್ನ ಕ್ಷಮಿಸಿ."

"ಆಗಿನ ಪರಿಸ್ಥಿತಿ..." ಎಂದು ದಳಪತಿ ಶುರುಮಾಡಿದರು.

ಮುದುಕಿ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಕೈ ಎಳೆದುಕೊಳ್ಳಲು ನೋಡಿದರು. ಅವಳ ಇನ್ನೊಂದು ಕೈಯೂ ಬಂದು ಅವರ ಮಣಿಕಟ್ಟನ್ನು ಹಿಡಿಯಿತು. ಹೊರಗೆ ವ್ಯಾನು ಹಾರ್ನ್ ಹೊಡೆಯಿತು, ಪೆಟ್ಟಿಗೆ ಎತ್ತಲು ಜನ ಎದ್ದರು, ಪದಕಗಳು ಒಂದಕ್ಕೊಂದು ತಾಗಿ ಸದ್ದಾಗುವಂತೆ ದಳಪತಿ ಕೊಸರಿಕೊಂಡರು. ಮುದುಕಿ ಬಿಡಲಿಲ್ಲ.