ಗೋಡೆಯ ಮೇಲೆ ತಮ್ಮನ ಮುಖ

ತಮ್ಮ ಹೋದದ್ದು ನನಗೆ ತಿಳಿದದ್ದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ. ಕಣ್ಣು ಮುಚ್ಚಿ ಕುಳಿತಿದ್ದೆ. ಅವನ ಮಗಳು ಬಂದು ಬಾಗಿಲಲ್ಲಿ ನಿಂತದ್ದು ಉಸಿರಿನ ಸದ್ದಿನಿಂದಲೇ ಗೊತ್ತಾಯಿತು. ನಾನು ಕಣ್ಣು ತೆರೆಯುವವರೆಗೆ ಅವಳು ಕಾದಳು. ಅಂಥ ಸುದ್ದಿಯನ್ನು ಹೊತ್ತುಕೊಂಡೂ ಕಾದಳು.

"ದೊಡ್ಡಪ್ಪ, ಅಪ್ಪ ಏಳ್ತಾ ಇಲ್ಲ."

"ಮಲಗ್ಲಿ ಬಿಡು ಮಗಳೇ. ನಿನ್ನೆಯೆಲ್ಲ ದಣಿದಿದ್ದ."

"ಕೈ ತಣ್ಣಗಿದೆ ದೊಡ್ಡಪ್ಪ."

ಅವರ ಮನೆ ನಮ್ಮ ಅಂಗಡಿಯ ಹಿಂದಿನ ಕೋಣೆ, ನನ್ನದು ಅದರ ಮಾಳಿಗೆ. ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ತಮ್ಮನ ಹೆಂಡತಿ ಅವನ ತಲೆದಿಂಬನ್ನು ಸರಿಮಾಡುತ್ತಿದ್ದಳು. ನಿದ್ರೆಯಲ್ಲೇ ಎದೆ ನಿಂತಿದೆ, ನೋವು ತಿಂದಿಲ್ಲ ಎಂದು ವೈದ್ಯರು ಹೇಳಿ ಹೋದರು. ಅದೊಂದು ಕೃಪೆ. ದೇವರು ಕೊಟ್ಟದ್ದನ್ನು ಕೊಟ್ಟನೆಂದು ಹೇಳಬೇಕು.

ನಮ್ಮದು ಹಾಸಿಗೆಯ ಕಸುಬು. ತಮ್ಮ ಬಿಲ್ಲು ಮೀಟಿ ಹತ್ತಿ ಹಿಂಜುತ್ತಿದ್ದ, ನಾನು ಗವಸು ಹೊಲಿದು ಅದನ್ನು ತುಂಬುತ್ತಿದ್ದೆ. ಬೀದಿಯವರು ಅವನನ್ನು ಹಿಂಜಪ್ಪ ಎಂದೇ ಕರೆಯುತ್ತಿದ್ದರು. ಗಂಟುಗಟ್ಟಿದ ಹಳೆಯ ಹಾಸಿಗೆಗಳನ್ನು ಬಿಚ್ಚಿ ಹಿಂಜಿ ಮತ್ತೆ ತುಂಬಿಕೊಡುವುದರಲ್ಲೇ ನಮ್ಮ ಹೊಟ್ಟೆ ತುಂಬುತ್ತಿತ್ತು. ಊರಿಗೆಲ್ಲ ಹರಡಿದ ಆ ದೊಡ್ಡ ರೋಗ ಬಂದಮೇಲೆ ಒಬ್ಬರ ಮೈ ತಾಗಿದ ಹತ್ತಿಯನ್ನು ಇನ್ನೊಬ್ಬರು ಮುಟ್ಟದಾದರು. ಎಷ್ಟೋ ಮನೆಯವರು ಹಾಸಿಗೆಗಳನ್ನು ಬೀದಿಗೆ ತಂದು ಸುಟ್ಟರು. ನಾವು ಕೈಯಾರೆ ಹೊಲಿದ ಅಂಚುಗಳು ಕರಕಲಾಗುವುದನ್ನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆವು.

ರೋಗ ಇಳಿದ ಮೇಲೆ ಸಣ್ಣ ಅಂಗಡಿಗಳನ್ನು ಎತ್ತಿ ನಿಲ್ಲಿಸಲು ಸರ್ಕಾರ ಒಂದು ನೆರವು ತಂದಿತು. ಹೆಚ್ಚಿನವರಿಗೆ ಸಾಲ. ನೆರವಿನ ಜಾಹೀರಾತಿಗೆ ತಂತಮ್ಮ ಚಿತ್ರ ಕೊಡಲು ಒಪ್ಪಿದ ಕೆಲವರಿಗೆ ಮಾತ್ರ ಹೊಸ ಯಂತ್ರ, ಅದೂ ಪುಕ್ಕಟೆ. ಹತ್ತಿ ಹಿಂಜುವ ಯಂತ್ರಕ್ಕಾಗಿ ತಮ್ಮ ಒಪ್ಪಿದ. ಮಗಳ ಓದು ಅರ್ಧಕ್ಕೆ ನಿಂತಿತ್ತು. ಒಪ್ಪದೆ ಏನು ಮಾಡುತ್ತಾನೆ?

ಚಿತ್ರ ತೆಗೆಯಲು ಬಂದವನು ಒಳ್ಳೆಯ ಮಾತುಗಾರ. ಮೊದಲು ತಮ್ಮನನ್ನು ಖಾಲಿ ನೆಲದ ಮೇಲೆ ತಲೆಯ ಮೇಲೆ ಕೈ ಹೊರಿಸಿ ಕೂರಿಸಿದ.

"ಯಜಮಾನ್ರೇ, ಇನ್ನೂ ಸ್ವಲ್ಪ ಕಷ್ಟ ಕಾಣ್ಬೇಕು."

"ಎಷ್ಟು ಕಾಣ್ಬೇಕಪ್ಪಾ?"

"ಮನೇಲಿ ಒಲೆ ಹೊತ್ತಿಲ್ಲ ಅನ್ನೋ ಹಾಗೆ."

"ಒಲೆ ಹೊತ್ತದ ದಿನ ನಾನು ಹೀಗೆ ಕೂತಿರ್ಲಿಲ್ಲ. ಮಲಗ್ಬಿಟ್ಟಿದ್ದೆ. ಮಲಗ್ಲಾ?"

ಆಮೇಲೆ ಯಂತ್ರದ ಪಕ್ಕ ನಿಲ್ಲಿಸಿ ನಗು ಎಂದ. ತಮ್ಮನಿಗೆ ನಗು ಬರಲಿಲ್ಲ. ಎದುರಂಗಡಿಯ ಬಣ್ಣದವನು, ಮನೆಗಳಿಗೆ ಬಣ್ಣ ಬಳಿಯುವ ನಮ್ಮ ಹಳೆಯ ನೆರೆಯವನು, ಅಲ್ಲಿಂದಲೇ ಕೂಗಿದ: "ಹಿಂಜಪ್ಪ, ದೂರ ನಿಂತ್ಕೊಳೋ. ಮಿಷನ್ ನಿನಗಿಂತ ಲಕ್ಷಣವಾಗಿದೆ. ಇನ್ಮೇಲೆ ನಿನ್ನ ಹೆಂಡ್ತಿ ಊಟ ಅದಕ್ಕೇ ಹಾಕ್ತಾಳೆ." ತಮ್ಮ ನಕ್ಕುಬಿಟ್ಟ. ಆ ನಗುವೇ ಚಿತ್ರವಾಯಿತು.

ಬೀದಿಯ ತುದಿಯ ದೊಡ್ಡ ಗೋಡೆಯ ಮೇಲೆ ಅದು ಫಲಕವಾಗಿ ಏರಿತು. ಎಡಕ್ಕೆ 'ಅಂದು', ತಲೆಗೆ ಕೈಹೊತ್ತವನು. ಬಲಕ್ಕೆ 'ಇಂದು', ನಗುವವನು. ಯಂತ್ರ ನಿಜವಾಗಿಯೂ ಬಂದಿತ್ತು, ನಿಜವಾಗಿಯೂ ಅನ್ನ ಕೊಟ್ಟಿತು. ಆ ಮಾತು ಸುಳ್ಳಲ್ಲ. ಆದರೆ ಬಣ್ಣದವನಿಗೆ ಸಾಲ ಮಾತ್ರ ಸಿಕ್ಕಿತ್ತು. ತಮ್ಮ ಕಂಡಾಗಲೆಲ್ಲ, "ದಾರಿ ಬಿಡ್ರಪ್ಪ, ಸರ್ಕಾರದ ಅಳಿಯ ಬಂದ" ಎನ್ನುವನು. ಉಳಿದವರೂ ಕಲಿತರು. ಹಾಸಿಗೆ ಒಯ್ಯಲು ಬಂದವರು ಚೌಕಾಸಿ ಮಾಡುತ್ತ, "ಮಿಷನ್ ಬಿಟ್ಟಿ ಬಂದಿದೆಯಲ್ಲ, ನಮಗೂ ಬಿಟ್ಟಿ ಮಾಡ್ಕೊಡಿ" ಎನ್ನುವರು. ತಮ್ಮ ಆ ಗೋಡೆಯ ದಾರಿ ಬಿಟ್ಟ. ಹತ್ತಿಯ ಮೂಟೆ ಹೊತ್ತು, ಹಿಂಬದಿಯ ಇಕ್ಕಟ್ಟಿನ ಸಂದಿಯಲ್ಲಿ ಮೈ ಉಜ್ಜಿಕೊಂಡು ಹೋಗಿ ಬರುತ್ತಿದ್ದ.

ಆ ಸಂದಿಯಲ್ಲಿ ಶವ ಹೊತ್ತವರು ತಿರುಗಲಾರರು, ಗೋಡೆಯ ದಾರಿಯೇ ಗತಿ. ಅದು ತಮ್ಮನ ಹೆಂಡತಿಗೂ ಗೊತ್ತಿತ್ತು. ನನ್ನನ್ನು ಬದಿಗೆ ಕರೆದಳು.

"ಭಾವ, ಒಂದೇ ಒಂದು ಕೇಳ್ತೀನಿ. ಆ ಚಿತ್ರದ ಕೆಳಗೆ ಅವರನ್ನ ಒಯ್ಯೋದು ಬೇಡ. ಹೊರಡೋದ್ರೊಳಗೆ ತೆಗೆಸಿಬಿಡಿ."

"ತೆಗೆಸ್ತೀನಿ ತಾಯಿ," ಎಂದು ಮಾತು ಕೊಟ್ಟು ಕಚೇರಿಗೆ ನಡೆದೆ.

ನೆರವಿನ ಕೆಲಸ ನೋಡುವ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಿಷಯ ಹೇಳಿದಾಗ ಎದ್ದು ನಿಂತಳು. ಕುರ್ಚಿ ಎಳೆದು ನನ್ನನ್ನು ಕೂರಿಸಿ, ತಾನೇ ನೀರು ತಂದುಕೊಟ್ಟಳು.

"ಅವರು ಇಲ್ಲಿಗೆ ಬಂದಿದ್ರು ಅಜ್ಜ. ಹೋದ ತಿಂಗಳೂ ಬಂದಿದ್ರು. ಮಿಷನ್ ವಾಪಸ್ ತಗೊಳ್ಳಿ, ನನ್ನ ಮುಖ ಇಳಿಸಿ ಅಂದ್ರು."

"ಮನೇಲಿ ಹೇಳಿಲ್ಲವಲ್ಲಮ್ಮ."

"ನಾನೇ ಬುದ್ಧಿ ಹೇಳಿ ಕಳಿಸಿದೆ. ನಿಮ್ಮನ್ನ ನೋಡಿ ನಾಲ್ಕು ಜನಕ್ಕೆ ಧೈರ್ಯ ಬರುತ್ತೆ ಅಂದೆ. ದೊಡ್ಡವರಿಗೆ ಬುದ್ಧಿ ಹೇಳಿದೆ." ಅವಳು ಮೇಜಿನ ಅಂಚನ್ನೇ ನೋಡುತ್ತಿದ್ದಳು. ಬಳಿಕ ಮೆಲ್ಲಗೆ ಹೇಳಿದಳು: "ಈಗ ಒಪ್ಪಿಗೆ ಮನೆಯವರದ್ದು. ನೀವು ಬೇಡ ಅಂದ್ರೆ ಈಗಲೇ ಜನ ಕಳಿಸಿ ಇಳಿಸ್ತೀನಿ. ಆದ್ರೆ ಚಿತ್ರ ಇಳಿದ್ರೆ ಮಿಷನ್ ಇರೋ ಹಾಗಿಲ್ಲ. ಆ ನಿಯಮ ನನ್ನ ಕೈಲಿಲ್ಲ. ಮನೇಲಿ ಕೇಳ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ."

ಕೇಳಿ ಬರಬಹುದಿತ್ತು. ದೂರವೇನೂ ಇರಲಿಲ್ಲ. ಆದರೆ ಕೇಳಿದರೆ ತಮ್ಮನ ಹೆಂಡತಿ ಯಂತ್ರ ಹೋದರೆ ಹೋಗಲಿ ಎನ್ನುವಳೆಂದು ನನಗೆ ಗೊತ್ತಿತ್ತು. ಅದಕ್ಕೇ ನಾನು ಏಳಲಿಲ್ಲ. ನನ್ನ ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲು ತಮ್ಮನ ಮಗಳನ್ನೇ ಕರೆಯಬೇಕು. ಹಿಂಜುವ ಬಿಲ್ಲು ಹಿಡಿಯುವ ತೋಳು ಮನೆಯಲ್ಲಿ ಇನ್ನು ಯಾರದೂ ಇಲ್ಲ. ಯಂತ್ರವಿದ್ದರೆ ಆ ಹೆಂಗಸು ಹೇಗೋ ಮೂರು ಹೊಟ್ಟೆ ಹೊರೆದಾಳು. ಆ ಮೂರರಲ್ಲಿ ನನ್ನದೂ ಒಂದು.

"ಇರ್ಲಿ ಬಿಡಮ್ಮ," ಎಂದೆ.

"ಅಜ್ಜ, ಮನೇಲಿ..."

"ಮನೆಗೆ ಹಿರಿಯ ನಾನೇ. ಇರ್ಲಿ ಅಂದ್ನಲ್ಲ."

ಹಿಂದಿರುಗಿದಾಗ ಬೀದಿಯೆಲ್ಲ ಬಾಗಿಲಲ್ಲಿ ಸೇರಿತ್ತು. ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ಬಾಯಿಗೆ ಬಂದದ್ದನ್ನು ಅವಳಿಗಷ್ಟೇ ಕೇಳುವಂತೆ ಹೇಳಿದೆ: "ಇಳಿಸೋಕೆ ಒಪ್ಪಿದ್ರು ತಾಯಿ. ಆದ್ರೆ ಅಷ್ಟೆತ್ತರಕ್ಕೆ ಏಣಿ ಇಲ್ವಂತೆ. ನಾಳೆ ಅಂದ್ರು." ಅವಳು ತಲೆಯಾಡಿಸಿದಳು. ಹಿರಿಯ ಭಾವ ಹೇಳಿದ ಮಾತು, ನಂಬಿದಳು.

ಹೊರಟೆವು. ಹೆಗಲು ಕೊಟ್ಟವರಲ್ಲಿ ಬಣ್ಣದವನೂ ಇದ್ದ. ಬೆಳಗಿನಿಂದ ಅವನು ಒಂದು ತುತ್ತೂ ಮುಟ್ಟಿರಲಿಲ್ಲ. ಗೋಡೆ ಹತ್ತಿರವಾಯಿತು. 'ಸರ್ಕಾರದ ಅಳಿಯ' ಎಂದವರೆಲ್ಲ ನೆಲ ನೋಡಿ ನಡೆದರು. ಮೇಲೆ ತಮ್ಮ ನಗುತ್ತಿದ್ದ, ಪಕ್ಕದಲ್ಲೇ ತಲೆಗೆ ಕೈಹೊತ್ತು ಕೂತಿದ್ದ. ಕೆಳಗೆ ಅವನನ್ನು ಹೊತ್ತು ನಾವು ಸಾಗುತ್ತಿದ್ದೆವು.

ತಮ್ಮನ ಹೆಂಡತಿ ಮಾತ್ರ ತಲೆಯೆತ್ತಿದಳು. ಗಂಡ ಬಿಟ್ಟ ದಾರಿಯನ್ನು ಅವಳೂ ಬಿಟ್ಟಿದ್ದಳು. ಅಷ್ಟು ದೊಡ್ಡದಾಗಿ ಅವನ ಮುಖವನ್ನು ನೋಡುವುದು ಅದೇ ಮೊದಲು.

"ಅಂಗಿ ಮೇಲ್ಗುಂಡಿ ಹಾಕಿಲ್ಲ," ಎಂದಳು. "ಕಣ್ಣಿಗೆ ಬಿದ್ದಿದ್ರೆ ಹಾಕಿ ಕಳಿಸ್ತಿದ್ದೆ." ಮತ್ತೆ, ಯಾರಿಗೂ ಅಲ್ಲವೆಂಬಂತೆ, "ಕಚೇರಿಯವರು ಇಳಿಸೋಕೆ ಒಪ್ಪಿದ್ರಂತೆ, ಒಂದು ಏಣಿ ಸಿಗ್ಲಿಲ್ವಲ್ಲ," ಎಂದಳು.

ಬಣ್ಣದವನು ನಿಂತುಬಿಟ್ಟ. ಅವನೊಂದಿಗೆ ಎಲ್ಲರೂ ನಿಲ್ಲಬೇಕಾಯಿತು.

"ಏಣಿಗೇನಾಗಿದೆ ಅತ್ತಿಗೆ? ನನ್ನ ಹತ್ತಿರ ಇದೆಯಲ್ಲ. ಈ ಗೋಡೆಗೆ ಬಣ್ಣ ಬಳಿದವನೇ ನಾನು. ಅಣ್ಣ, ಒಂದು ಮಾತು ಕೇಳ್ಬಾರ್ದಾ? ಈಗ್ಲೂ ತರ್ತೀನಿ. ಯಾರಾದ್ರೂ ಹೆಗಲು ಬದಲಾಯಿಸ್ಕೊಳ್ಳಿ, ನಾನೇ ಹತ್ತಿ ಇಳಿಸ್ತೀನಿ. ನನ್ನ ಬಾಯಿಗೂ ಅಷ್ಟು ಪ್ರಾಯಶ್ಚಿತ್ತ ಆಗ್ಲಿ."

"ಬೇಡ," ಎಂದೆ. "ನಡೀರಿ."

"ಯಾಕಣ್ಣಾ? ಅವರೇ ಒಪ್ಪಿದ್ದಾರಂತಲ್ಲ."

ತಮ್ಮನ ಹೆಂಡತಿ ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ಬಹಳ ಹೊತ್ತು ನೋಡಲಿಲ್ಲ. ಅಷ್ಟರಲ್ಲೇ ಅವಳಿಗೆ ತಿಳಿಯಿತು, ತಿಳಿದದ್ದು ನನಗೂ ತಿಳಿಯಿತು.

"ಭಾವ ಹೇಳಿದ್ರಲ್ಲ," ಎಂದು ಬಣ್ಣದವನಿಗೆ ಹೇಳಿದಳು. "ನಡೀರಿ. ಹೊತ್ತಾಗುತ್ತೆ."

ನಡೆದೆವು. ಕೊನೆಯಲ್ಲಿ ಸ್ಮಶಾನದಲ್ಲಿ ಎಲ್ಲರೂ ಸುತ್ತ ನಿಂತಾಗ, ಹಿರಿಯರು ನೀವು, ನೀವೇ ಪ್ರಾರ್ಥನೆ ಹೇಳಿ ಎಂದರು. ನನಗೆ ಬರುವ ಪ್ರಾರ್ಥನೆಗಳು ಬಹಳ. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ:

ದೇವರೇ, ಇವನು ನನ್ನ ತಮ್ಮ. ಕೈತುಂಬ ಕೆಲಸ ಮಾಡಿದವನು. ಅನ್ನಕ್ಕಾಗಿ ತನ್ನ ಮುಖವನ್ನು ಕೊಟ್ಟ. ಮರಳಿ ಕೇಳಿದಾಗ ನಾವು ಕೊಡಲಿಲ್ಲ. ನೀನಾದರೂ ಕೊಡು. ಯಾರೂ ಅವನಿಗೆ ಅಳು ಎನ್ನದ, ನಗು ಎನ್ನದ ಕಡೆ ಅವನನ್ನು ಮಲಗಿಸು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ.