ಬಿಚ್ಚಿಕೊಳ್ಳಬೇಕಾದ ಹೊಲಿಗೆ

ಹೊಸ ಕಾರು ಮನೆಗೆ ಬಂದರೆ ಜನ ಮೊದಲು ಏನು ಮಾಡುತ್ತಾರೆ? ಗಾಡಿಯನ್ನು ಹಿಂದಕ್ಕೆ ತೆಗೆಯುವುದನ್ನು ಸರಿಯಾಗಿ ಕಲಿಯುವ ಮೊದಲೇ ಸೀಟಿಗೆ ಕವರು ಹಾಕಿಸುತ್ತಾರೆ. ಸೀಟು ಕೊಳೆಯಾಗಬಾರದು, ಮಗು ಹಾಲು ಚೆಲ್ಲಿದರೆ ಕಲೆ ನಿಲ್ಲಬಾರದು, ಬಿಸಿಲಿಗೆ ಬಣ್ಣ ಮಾಸಬಾರದು. ಕಾರಿನ ಜೊತೆ ಬಂದ ಪುಸ್ತಕವನ್ನು ಮಾತ್ರ ಯಾರೂ ಬಿಡಿಸುವುದಿಲ್ಲ. ಅದು ಪ್ಲಾಸ್ಟಿಕ್ ಹೊದ್ದುಕೊಂಡು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ತಣ್ಣಗೆ ಮಲಗಿರುತ್ತದೆ.

ಅಂಥ ಕವರುಗಳನ್ನು ಹೊಲಿಯುವವನೊಬ್ಬನಿದ್ದ. ಗ್ಯಾರೇಜುಗಳ ಬೀದಿಯಲ್ಲಿ, ಟಯರಿನ ಅಂಗಡಿಗೂ ಬ್ಯಾಟರಿಯ ಅಂಗಡಿಗೂ ನಡುವೆ ಅವನ ಅಂಗಡಿ. ಒಳಗೆ ಕಾಲಿಟ್ಟರೆ ರೆಕ್ಸಿನ್ನಿನ ಮತ್ತು ಅಂಟಿನ ವಾಸನೆ. ಗೋಡೆಗೆ ಒರಗಿಸಿದ ಫೋಮಿನ ಹಾಳೆಗಳು, ಎಣ್ಣೆ ಹೀರಿ ಕಪ್ಪಾದ ಹೊಲಿಗೆ ಯಂತ್ರ, ಮೊಳೆಗಳಿಗೆ ನೇತುಹಾಕಿದ ದಾರದ ಉಂಡೆಗಳು. ಬಟ್ಟೆ ಕತ್ತರಿಸುವುದು ತಮ್ಮನ ಕೆಲಸ, ಹೊಲಿಯುವುದು ಅಣ್ಣನದು. ಬೀದಿಯವರು ಅವನಿಗೆ ಡಬಲ್‌ದಾರ ಎಂದು ಹೆಸರಿಟ್ಟಿದ್ದರು. ಒಂದೆಳೆ ಸಾಕಾಗುವ ಕಡೆಯೂ ಅವನು ಎರಡೆಳೆ ಹಾಕುತ್ತಿದ್ದ. ಬಟ್ಟೆ ಹರಿಯಬಹುದು, ಫೋಮು ಪುಡಿಯಾಗಬಹುದು, ಅವನ ಹೊಲಿಗೆ ಬಿಡುವುದಿಲ್ಲ ಎಂಬ ಮಾತಿತ್ತು. ಇವನು ಹೊಲಿದುಕೊಟ್ಟರೆ ಜಗಳವಾಡಿದ ಗಂಡಹೆಂಡಿರೂ ಬಿಡಿಸಿಕೊಳ್ಳಲಾರರು ಎಂದು ಟಯರಿನವನು ನಗಿಸುತ್ತಿದ್ದ.

ಮಗಳು ಅಳಿಯ ಕಾರು ಕೊಂಡಾಗ ಷೋರೂಮಿನಿಂದ ನೇರವಾಗಿ ಅವನ ಅಂಗಡಿಗೇ ಬಂದರು. ಅವನು ಯಾರಿಗೂ ತೋರಿಸದೆ ಎತ್ತಿಟ್ಟಿದ್ದ ಜೇನುಬಣ್ಣದ ರೆಕ್ಸಿನ್ ತೆಗೆದ. ಮಗಳು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ ನೋಡುತ್ತಿದ್ದಳು. ಅಳತೆ ತೆಗೆಯುವಾಗ ಅವನ ಹೆಬ್ಬೆರಳು ಮುಂದಿನ ಸೀಟಿನ ಹೊರಮಗ್ಗುಲಲ್ಲಿ, ಬಾಗಿಲಿನ ಕಡೆಯ ಅಂಚಿನಲ್ಲಿ ನಿಂತುಬಿಟ್ಟಿತು. ಅಲ್ಲಿನ ದಾರ ತೆಳ್ಳಗಿತ್ತು. ಬೇರೆಲ್ಲ ಕಡೆ ಒತ್ತಾಗಿದ್ದ ಹೊಲಿಗೆ ಅಲ್ಲಿ ಬಿಡಿಬಿಡಿಯಾಗಿತ್ತು.

ಅವನು ತಮ್ಮನನ್ನು ಕರೆದು ತೋರಿಸಿದ. "ನೋಡೋ. ಇಷ್ಟು ದೊಡ್ಡ ಕಂಪನಿ, ದಾರಕ್ಕೆ ಜಿಪುಣತನ ಮಾಡಿದಾರೆ."

ಹೋಗಿ ಹೋಗಿ ಮಗಳ ಕಾರಿಗೇ ಇಂಥ ಸೀಟು ಬರಬೇಕೇ ಎಂದು ತಮ್ಮನೂ ಪೇಚಾಡಿದ. ಬೇರೆಯವರ ಕಾರಾಗಿದ್ದರೆ ಮೇಲೊಂದು ಕವರು ಎಳೆದು ಕಳಿಸುತ್ತಿದ್ದರು. ಇದು ಮಗಳ ಕಾರು. ಅವನು ಬಾಗಿದ ಸೂಜಿ ತೆಗೆದು, ಮೇಣ ಸವರಿದ ದಾರ ಪೋಣಿಸಿ, ನೆಲಕ್ಕೆ ಮೊಣಕಾಲೂರಿ ಆ ಹೊಲಿಗೆಯ ಮೇಲೆ ತನ್ನ ಹೊಲಿಗೆ ಹಾಕಿದ. ಮೇಲಿನಿಂದ ಕೆಳಗಿನವರೆಗೆ, ಎರಡೆಳೆ. ಅಂಚಿನಲ್ಲಿ ಉಗುರಿನಷ್ಟು ಅಗಲದ ಒಂದು ಬಟ್ಟೆಯ ಚೀಟಿ ಹೊರಗೆ ಇಣುಕುತ್ತಿತ್ತು. ಕಂಪನಿಯ ಹೆಸರಿರಬೇಕು ಎಂದು ಅದನ್ನು ಒಳಕ್ಕೆ ಮಡಿಚಿ ಹೊಲಿದ. ಅದರ ಮೇಲೆ ಜೇನುಬಣ್ಣದ ಕವರು ಕೂತಿತು, ಸುಕ್ಕಿಲ್ಲದಂತೆ. ಅಳಿಯ ಸೀಟು ತಟ್ಟಿ ನೋಡಿ, ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹರಿಯುವುದಿಲ್ಲ ಎಂದ. ಮಾವ ಹಿಗ್ಗಿದ.

ಆ ಮಳೆಗಾಲ ಕಳೆದ ಮೇಲೆ, ಒಂದು ಬೆಳಿಗ್ಗೆ, ನಾಲ್ಕು ರಸ್ತೆ ಕೂಡುವಲ್ಲಿ ಸಾಮಾನು ಸಾಗಿಸುವ ವ್ಯಾನೊಂದು ನಿಲ್ಲಬೇಕಾದಲ್ಲಿ ನಿಲ್ಲದೆ ಬಂದು ಕಾರಿನ ಮಗ್ಗುಲಿಗೆ ಗುದ್ದಿತು. ಮಗಳು ಕೂತಿದ್ದ ಮಗ್ಗುಲು. ಮಗು ಮನೆಯಲ್ಲಿತ್ತು, ಪುಣ್ಯ. ಅಳಿಯನಿಗೆ ತರಚಿದ ಗಾಯ. ಬೆಲ್ಟು ಹಾಕಿದ್ದರಿಂದ ಮಗಳ ಜೀವ ಉಳಿಯಿತು. ಆದರೆ ಎಡಗಡೆಯ ಪಕ್ಕೆಲುಬುಗಳು ಮುರಿದು, ಒಂದು ಶ್ವಾಸಕೋಶಕ್ಕೆ ಚುಚ್ಚಿದ್ದವು.

ನಜ್ಜುಗುಜ್ಜಾದ ಕಾರನ್ನು ವರ್ಕ್‌ಶಾಪಿಗೆ ಎಳೆದು ತಂದಾಗ ಅವನು ನೋಡಲು ಹೋದ. ಬಾಗಿಲು ಒಳಕ್ಕೆ ಕುಸಿದಿತ್ತು, ಗಾಜು ಸೀಟಿನ ತುಂಬ ಚೆಲ್ಲಿತ್ತು. ಕವರಿನ ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ. ಅಷ್ಟು ಸಂಕಟದಲ್ಲೂ, ಕಣ್ಣು ಮಿಟುಕಿಸುವಷ್ಟು ಹೊತ್ತು, ಅವನ ಎದೆಯಲ್ಲೊಂದು ಹೆಮ್ಮೆ ಹಾದುಹೋಯಿತು. ಆಮೇಲೆ ಅವನು ಎಷ್ಟೋ ಸಂಗತಿಗಳನ್ನು ಮರೆತಾನು, ಆ ಹೆಮ್ಮೆಯನ್ನು ಮರೆಯಲಾರ.

ಆ ವರ್ಕ್‌ಶಾಪಿನಲ್ಲಿ ಅಪಘಾತವಾದ ಗಾಡಿಗಳನ್ನು ಪರೀಕ್ಷಿಸುತ್ತಿದ್ದ ಇಂಜಿನಿಯರು ಅವನ ಎದುರುಮನೆಯಲ್ಲೇ ಬೆಳೆದ ಹುಡುಗಿ. ಶಾಲೆಯ ಚೀಲದ ಪಟ್ಟಿ ಕಿತ್ತಾಗಲೆಲ್ಲ ಅವನ ಬಳಿ ಓಡಿಬರುತ್ತಿದ್ದಳು. ಒಂದು ವಾರದ ಮೇಲೆ ಅವಳೇ ಫೋನು ಮಾಡಿ, ಬಿಡುವಾದಾಗ ಒಮ್ಮೆ ಬಂದುಹೋಗಿ ಎಂದಳು. ಅವನು ಹೋದಾಗ ಕವರು ಬಿಚ್ಚಿ ಕೆಳಗಿಟ್ಟಿದ್ದಳು. ಸೀಟಿನ ಮಗ್ಗುಲು ಒಳಗಿನಿಂದ ಯಾರೋ ಗುದ್ದಿದ ಹಾಗೆ ವಿಕಾರವಾಗಿ ಉಬ್ಬಿ, ಹಿಂಬದಿಯಲ್ಲಿ ಹರಿದಿತ್ತು.

"ಮಾಮ, ಈ ಮೇಣದ ದಾರ ಕಂಪನಿಯದ್ದಲ್ಲ. ನಿಮ್ಮದಾ?"

"ನಂದೇ ಕಣಮ್ಮ. ಹೊಲಿಗೆ ಸಡಿಲ ಇತ್ತು. ಬಿಗಿ ಮಾಡಿದೆ."

ಅವಳು ಬಟ್ಟೆಗೆ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಆಮೇಲೆ ಹೇಳಿದಳು: "ಅದು ಸಡಿಲ ಇರಬೇಕಿತ್ತು ಮಾಮ."

ನಿಂತಲ್ಲೇ, ಅವಸರವಿಲ್ಲದೆ, ಅವಳು ವಿವರಿಸಿದಳು. ಎದುರಿನಿಂದ ಡಿಕ್ಕಿಯಾದರೆ ಪೆಟ್ಟು ತಿನ್ನಲು ಬಾನೆಟ್ಟಿದೆ, ಇಂಜಿನ್ನಿದೆ. ಮಗ್ಗುಲಿನಿಂದ ಬಂದರೆ ಮನುಷ್ಯನಿಗೂ ಪೆಟ್ಟಿಗೂ ನಡುವೆ ಇರುವುದು ಬಾಗಿಲೊಂದೇ, ಗೇಣಗಲದ ಜಾಗ. ಅದಕ್ಕೇ ಕಾರು ಮಾಡುವವರು ಸೀಟಿನ ಹೊರಮಗ್ಗುಲಿನ ಒಳಗೆ ಗಾಳಿಚೀಲವೊಂದನ್ನು ಮಡಿಚಿ ಇಡುತ್ತಾರೆ. ಸೀಟನ್ನು ಹಿಂದೆ ಮುಂದೆ ಎಲ್ಲಿಗೆ ಸರಿಸಿಕೊಂಡರೂ ಚೀಲ ಪಕ್ಕೆಯ ಪಕ್ಕದಲ್ಲೇ ಇರಲಿ ಎಂದು ಆ ಜಾಗ. ಮಗ್ಗುಲಿಗೆ ಪೆಟ್ಟು ಬಿದ್ದದ್ದು ಕಾರಿಗೆ ತಿಳಿದ ಕೂಡಲೇ ಚೀಲ ಉಬ್ಬುತ್ತದೆ. ಸ್ಟೀರಿಂಗಿನಲ್ಲಿರುವ ಚೀಲಕ್ಕಿಂತಲೂ ಇದಕ್ಕೆ ಅವಸರ ಹೆಚ್ಚು, ಯಾಕೆಂದರೆ ಇಲ್ಲಿ ಜಾಗ ಕಡಿಮೆ. ಹಾಗೆ ಉಬ್ಬಿದ್ದು ಹೊರಗೆ ಬರುವುದು ಆ ತೆಳ್ಳನೆಯ ಹೊಲಿಗೆಯನ್ನು ಹರಿದುಕೊಂಡು. ಹರಿಯಲೆಂದೇ ಅಳೆದು ಹಾಕಿದ ಹೊಲಿಗೆ ಅದು.

"ಚೀಲ ಉಬ್ಬಿದೆ ಮಾಮ," ಎಂದಳು. "ಹೊರಗೆ ಬರೋಕೆ ದಾರಿ ಸಿಕ್ಕಿಲ್ಲ."

ಒಳಕ್ಕೆ ಮಡಿಚಿದ್ದ ಚೀಟಿಯನ್ನು ಅವಳು ಬಿಡಿಸಿ ಇಟ್ಟಿದ್ದಳು. ಅದರ ಮೇಲೆ ಕಂಪನಿಯ ಹೆಸರಿರಲಿಲ್ಲ. ಏರ್‌ಬ್ಯಾಗ್ ಎಂದಿತ್ತು.

ಅವನು ಆ ಅಕ್ಷರಗಳ ಮೇಲೆ ಹೆಬ್ಬೆರಳು ಸವರಿ ಕೇಳಿದ: "ನಾನು ಹೊಲೀದೇ ಇದ್ದಿದ್ರೆ?"

"ಮೂಳೆ ಮುರೀತಿರಲಿಲ್ಲ ಅಂತ ನಾನು ಹೇಳಲಾರೆ. ಮುರೀತಿತ್ತು ಅಂತಲೂ ಹೇಳಲಾರೆ. ಪೆಟ್ಟು ಕಮ್ಮಿ ಮಾಡೋಕೆ ಅಂತ ಅದನ್ನ ಅಲ್ಲಿಟ್ಟಿದ್ರು, ಅದಕ್ಕೆ ಅವಕಾಶ ಸಿಗಲಿಲ್ಲ. ಅಷ್ಟೇ ನನಗೆ ಗೊತ್ತಿರೋದು."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ತಪ್ಪು ಇಷ್ಟೇ ಎಂದು ಅಳತೆ ಸಿಕ್ಕಿದ್ದರೂ ಹೊತ್ತುಕೊಳ್ಳಬಹುದಿತ್ತು. ಜೀವಮಾನವಿಡೀ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡವನಿಗೆ ಅಳೆಯಲಾಗದ ತಪ್ಪೊಂದು ಗಂಟುಬಿದ್ದಿತ್ತು.

ತಮ್ಮ ಇದನ್ನು ಒಪ್ಪಲಿಲ್ಲ. ಸಂಜೆ ಇಂಜಿನಿಯರಮ್ಮ ಕೆಲಸ ಮುಗಿಸಿ ಅಂಗಡಿಗೆ ಬಂದಾಗ ಕತ್ತರಿ ಕೆಳಗಿಡದೆಯೇ ವಾದಕ್ಕೆ ನಿಂತ. ಏರ್‌ಬ್ಯಾಗು ಸ್ಟೀರಿಂಗಿನಲ್ಲಿರುತ್ತದೆ ಎಂದು ಚಿಕ್ಕಮಕ್ಕಳಿಗೂ ಗೊತ್ತು, ಸೀಟಿನಲ್ಲಿ ಯಾರು ಇಡುತ್ತಾರೆ? ಬೀದಿಯ ಅಂಗಡಿಗಳೆಲ್ಲ ಹೀಗೇ ಹೊಲಿಯುತ್ತವೆ, ಅವರೆಲ್ಲ ದಡ್ಡರೇ? ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ ನಮ್ಮಣ್ಣ ಎಂದು ಗೊಣಗಿದ.

"ನಮ್ಮ ಹೊಲಿಗೆ ಬಿಡಲ್ಲ ಅಂತಾನೇ ಜನ ಇಲ್ಲಿಗೆ ಬರೋದು. ಇನ್ಮೇಲೆ ಹರಿದುಹೋಗೋ ಹಾಗೆ ಹೊಲಿದುಕೊಡ್ತೀವಿ ಅಂತ ಬೋರ್ಡು ಹಾಕೋಣವಾ?"

ಅವಳು ನಗಲಿಲ್ಲ. "ಚಿಕ್ಕಮಾಮ, ನಿಮ್ಮ ಅಂಗಿ ತೋಳಿನ ಬಾಯಿ ಹೊಲಿದುಬಿಡೋಣ, ಕೈ ಒಳಗಿಟ್ಟು. ಆಮೇಲೆ ನೀವು ಜಾರಿ ಬೀಳ್ತೀರಿ. ಕೈ ಊರ್ತೀರಾ?"

"ಹೆಂಗೆ ಊರಲಿ? ತೋಳು ಹರಕೊಂಡು ಕೈ ಬರೋ ಅಷ್ಟರಲ್ಲಿ ಹಲ್ಲು ಉದುರಿರುತ್ತೆ," ಎಂದವನು ತನ್ನ ಮಾತು ತನಗೇ ಕೇಳಿಸಿ ಕತ್ತರಿಯನ್ನು ಮೇಜಿನ ಮೇಲಿಟ್ಟ. ಯಂತ್ರದ ಮೇಲೆ ಅರ್ಧ ಹೊಲಿದ ಕವರೊಂದು ಬಿದ್ದಿತ್ತು, ಯಾರೋ ಹೊಸ ಕಾರಿನವರದು. ಅದರ ಮಗ್ಗುಲಿನ ಹೊಲಿಗೆಯನ್ನು ಮೂವರೂ ನೋಡಿದರು.

ಮಗಳಿಗೆ ಹೇಳುವುದು ಉಳಿದಿತ್ತು. ಅವಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಶಿಶುವಿಹಾರದಲ್ಲಿ ದಿನವಿಡೀ ಕೂಸುಗಳನ್ನು ಎತ್ತಿ ಆಡಿಸುವುದು ಅವಳ ಕೆಲಸವಾಗಿತ್ತು. ಈಗ ತನ್ನ ಮಗು ಎರಡೂ ಕೈ ಮೇಲೆತ್ತಿ ಬಂದರೆ ಅವಳೇ ನೆಲಕ್ಕೆ ಕೂರುತ್ತಿದ್ದಳು. ನಗು ಬಂದರೆ ಮೊದಲು ಎಡಪಕ್ಕೆಗೆ ಅಂಗೈ ಒತ್ತಿಕೊಂಡು ಆಮೇಲೆ ನಗುತ್ತಿದ್ದಳು. ಆ ಕೈ ಪಕ್ಕೆಗೆ ಹೋಗುವುದನ್ನು ನೋಡಲಾರದೆ ಅವನು ಅವಳ ಮುಂದೆ ತಮಾಷೆಯ ಮಾತಾಡುವುದನ್ನೇ ಬಿಟ್ಟಿದ್ದ.

ಮಧ್ಯಾಹ್ನ ಅವಳು ಒಗೆದ ಬಟ್ಟೆ ಮಡಿಚುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದ. ತೆಳ್ಳನೆಯ ದಾರ, ಮೇಣದ ದಾರ, ಚೀಟಿ, ಒಂದನ್ನೂ ಬಿಡಲಿಲ್ಲ. ಅವಳು ಕೈಯಲ್ಲಿದ್ದ ಮಗುವಿನ ಅಂಗಿಯನ್ನು ಮಡಿಚಿ, ಬಿಡಿಸಿ, ಮತ್ತೆ ಮಡಿಚಿದಳು.

"ಆ ಚೀಟಿ ನಾನು ಓದಿದ್ದೆ ಅಪ್ಪ," ಎಂದಳು. "ಟೀ ಕುಡೀತಾ ಅಲ್ಲೇ ಕೂತಿದ್ನಲ್ಲ. ಇದರ ಮೇಲೆ ಹೊಲೀಬಹುದಾ ಅಂತ ಕೇಳಬೇಕು ಅನ್ನಿಸ್ತು. ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದೀರಿ, ನಿಮಗೆ ಗೊತ್ತಿಲ್ದೇ ಇರುತ್ತಾ ಅಂದ್ಕೊಂಡು ಸುಮ್ಮನಾದೆ."

ಓದಿದವಳು ಬಾಯಿಬಿಟ್ಟಿರಲಿಲ್ಲ, ಹೊಲಿದವನು ಓದಿರಲಿಲ್ಲ. ಒಂದು ಲೋಟ ಟೀ ಆರುವಷ್ಟು ಹೊತ್ತಿನಲ್ಲಿ ಮುಗಿದುಹೋದ ಕೆಲಸ.

"ಬೇರೆಯವರ ಕಾರಲ್ಲೂ ಹೀಗೇ ಮಾಡಿದೀರಾ?"

"ಕವರು ಹೊಲಿದಿದೀನಿ, ಮಗ್ಗುಲು ಮುಚ್ಚಿ. ಅದೂ ಚೀಲಕ್ಕೆ ಅಡ್ಡಾನೇ. ಕಂಪನಿ ಹೊಲಿಗೆಗೆ ಸೂಜಿ ಹಾಕಿದ್ದು ನಿನ್ನ ಕಾರಿಗೆ ಮಾತ್ರ."

ಯಾಕೆ ಎಂದು ಅವಳು ಕೇಳಲಿಲ್ಲ. ಮಡಿಚಿದ ಅಂಗಿಯನ್ನು ರಾಶಿಯ ಮೇಲಿಟ್ಟು ಇಷ್ಟು ಹೇಳಿದಳು: "ಅವರನ್ನೆಲ್ಲ ಕರೀರಿ ಅಪ್ಪ. ಮುಚ್ಚಿರೋ ಮಗ್ಗುಲು ಬಿಚ್ಚಿಬಿಡಿ."

ಮರುದಿನದಿಂದ ಅವನು ಒಬ್ಬೊಬ್ಬರನ್ನೇ ಕರೆಯತೊಡಗಿದ. ಕೆಲವರು ಆ ಸಂಜೆಯೇ ಬಂದರು. ಕೆಲವರು, ಚೆನ್ನಾಗಿಯೇ ಇದೆಯಲ್ಲ, ಸುಮ್ಮನೆ ಯಾಕೆ ಹಾಳುಮಾಡುತ್ತೀಯ ಎಂದರು. ಅಂಥವರ ಮನೆಗೆ ತಮ್ಮನೇ ಹೋದ. ಬಾಗಿಲು ತೆಗೆಸಿ, ಕವರು ಸರಿಸಿ, ಚೀಟಿ ತೋರಿಸಿ, ಅಂಗಿಯ ತೋಳಿನ ಕಥೆ ಹೇಳುತ್ತಿದ್ದ. ತನ್ನದೇ ಮಾತೆಂಬಂತೆ ಹೇಳುತ್ತಿದ್ದ. ಕೆಲವರು ಆಗಲೂ ಬರಲಿಲ್ಲ. ರಸ್ತೆಯಲ್ಲಿ ಅವರ ಕಾರು ಹಾದುಹೋದಾಗ ಅಣ್ಣನ ಕಣ್ಣು ಸೀಟಿನ ಮಗ್ಗುಲಿಗೇ ಹೋಗುತ್ತದೆ.

ಬಂದವರ ಕವರುಗಳನ್ನು ಅವನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಎಳೆ ಬಿಚ್ಚುತ್ತಿದ್ದ. ಅವನದೇ ಹೊಲಿಗೆ, ಸುಲಭಕ್ಕೆ ಬಿಡುತ್ತಿರಲಿಲ್ಲ. ಬೆರಳು ನೋಯುತ್ತಿತ್ತು. ನೋಯಲಿ ಎಂದುಕೊಳ್ಳುತ್ತಿದ್ದ. ಈಗ ಆ ಅಂಗಡಿಯಲ್ಲಿ ಕಾರು ಬಂದ ಕೂಡಲೇ ಮೊದಲು ಚೀಟಿ ಹುಡುಕುತ್ತಾರೆ. ಚೀಟಿ ಕಂಡರೆ ಆ ಮಗ್ಗುಲನ್ನು ಪೂರ್ತಿ ತೆರೆದೇ ಬಿಡುವ ಕವರು, ಇಲ್ಲವೇ ಕವರೇ ಬೇಡ. ಮಗಳ ಕಾರಿಗೆ ಹೊಸ ಸೀಟು ಬಂದಿದೆ, ಒಮ್ಮೆ ಉಬ್ಬಿದ ಚೀಲವನ್ನು ಮತ್ತೆ ಬಳಸುವಂತಿಲ್ಲ. ಆ ಸೀಟಿಗೆ ಕವರಿಲ್ಲ. ಮೊಮ್ಮಗಳು ಅದರ ಮೇಲೆ ಆಗಲೇ ಹಾಲು ಚೆಲ್ಲಿದ್ದಾಳೆ. ಅಜ್ಜ ಆ ಕಲೆಯ ಮೇಲೆ ಕೈಯಾಡಿಸಿ ಸುಮ್ಮನೆ ಬಾಗಿಲು ಮುಚ್ಚಿದ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಕಾರಿದ್ದರೆ ಇವತ್ತೇ ಬಾಗಿಲು ತೆಗೆದು ಸೀಟಿನ ಹೊರಮಗ್ಗುಲಲ್ಲಿ ಬೆರಳಾಡಿಸಿ ನೋಡಿ. ಏರ್‌ಬ್ಯಾಗ್ ಎಂಬ ಚೀಟಿಯೋ ಅಕ್ಷರವೋ ಇದೆಯೇ? ಇದ್ದರೆ ಅದನ್ನು ಮುಚ್ಚುವ ಕವರು ಹಾಕಿಸಬೇಡಿ. ಹಾಕಿಸಿದ್ದರೆ ತೆಗೆಸಿ. ಸೀಟಿಗೆ ನೀವಾಗಿ ಕತ್ತರಿ, ಸೂಜಿ ತಾಕಿಸಬೇಡಿ, ವರ್ಕ್‌ಶಾಪಿನಲ್ಲಿ ಕೇಳಿ. ಸೀಟಿಗೂ ಬಾಗಿಲಿಗೂ ನಡುವೆ ದಿಂಬು, ಚೀಲ ತುರುಕಬೇಡಿ. ಬಾಗಿಲಿಗೆ ತಲೆ ಆನಿಸಿ ಮಲಗಬೇಡಿ, ಮಕ್ಕಳನ್ನೂ ಮಲಗಿಸಬೇಡಿ. ಕೆಲವು ಕಾರುಗಳಲ್ಲಿ ಕಿಟಕಿಯ ಮೇಲೂ ಪರದೆಯ ಹಾಗೆ ಇಳಿಯುವ ಚೀಲವಿರುತ್ತದೆ, ಅಲ್ಲಿ ಬಟ್ಟೆಯ ಹ್ಯಾಂಗರ್ ನೇತುಹಾಕಬೇಡಿ. ಚೀಲವಿದೆ ಎಂದು ಬೆಲ್ಟು ಬಿಡಬೇಡಿ, ಎರಡೂ ಬೇಕು. ಖಾನೆಯಲ್ಲಿ ಮಲಗಿರುವ ಆ ಪುಸ್ತಕವನ್ನು ಒಮ್ಮೆ ಎಬ್ಬಿಸಿ.

ಮತ್ತೆ, ನಿಮ್ಮ ಕಾರಿಗೆ ಕೈಹಾಕಿದವರು ಅಪ್ಪನಾಗಿರಲಿ, ಎಷ್ಟೇ ಪಳಗಿದ ಕೈಯಾಗಿರಲಿ, ಚೀಟಿ ಕಂಡರೆ ಮನಸ್ಸಿನಲ್ಲೇ ಓದಿಕೊಂಡು ಕೂರಬೇಡಿ. ಪಕ್ಕದಲ್ಲಿರುವವರಿಗೆ ಕೇಳುವ ಹಾಗೆ ಬಾಯಿಬಿಟ್ಟು ಓದಿ.