ನದೀಮ್ ಹಾಕಿದ ಗಂಟು

ಎಂಜಿನ್ ಸರಿಯಿದ್ದರೆ ಎಲ್ಲವೂ ಸರಿ ಅನ್ನುವುದು ಭದ್ರಾವತಿಯ ಮೆಕ್ಯಾನಿಕ್ ನದೀಮ್‌ನ ನಂಬಿಕೆ. ಹಳೇ ದೋಣಿಯೊಂದನ್ನು ಕೊಂಡು, ಅದರ ಎಂಜಿನ್ ಬಿಚ್ಚಿ ಜೋಡಿಸಿ, ಒಂದು ಭಾನುವಾರ ಹೆಂಡತಿ ನಗ್ಮಾ, ಐದು ವರ್ಷದ ಮಗಳ ಜೊತೆ ಭದ್ರಾ ಹೊಳೆಗೆ ಇಳಿದೇಬಿಟ್ಟ.

ಹೊಳೆಯಲ್ಲಿ ನೀರು ಕಮ್ಮಿ. ಎರಡು ಸಲ ದೋಣಿಯ ತಳ ಬಂಡೆಗೆ ಉಜ್ಜಿತು.

"ಮೆಲ್ಲಗೆ ಹೋಗ್ರೀ" ಎಂದಳು ನಗ್ಮಾ.

"ಲಾರಿ ಓಡ್ಸಿದ ಕೈ ಕಣೇ ಇದು, ಸುಮ್ನಿರು."

ಊಟದ ಹೊತ್ತಿಗೆ ಎರಡು ಬಂಡೆಗಳ ಸಂದಿಯಲ್ಲಿ, ಹೊಂಗೆ ಮರದ ನೆರಳಿಗೆ ದೋಣಿ ನಿಲ್ಲಿಸಿದ. ಲಾರಿಗೆ ಲೋಡ್ ಬಿಗಿಯುವ ಹಾಗೆ ಕಾಲು ಕೊಟ್ಟು ಎಳೆದು, ಗಿಡ್ಡ ಹಗ್ಗದಲ್ಲಿ ದೋಣಿಯ ಮೂತಿಯನ್ನು ಮರದ ಬೇರಿಗೆ ಕಟ್ಟಿದ. ಮಗಳಿಗೆ ದೋಣಿಯಲ್ಲೇ ನಿದ್ದೆ ಹತ್ತಿತ್ತು. "ಮಲಗ್ಲಿ ಬಿಡು, ಅಲ್ಲಾಡದ ಹಾಗೆ ಕಟ್ಟಿದೀನಿ" ಎಂದು ದಡದಲ್ಲಿ ಊಟದ ಡಬ್ಬಿ ಬಿಚ್ಚಿದ.

ಪಕ್ಕದಲ್ಲೇ ಕರಿಯಮ್ಮ ಬಲೆ ಎತ್ತಿ ದಡಕ್ಕೆ ಹಾಕುತ್ತಿದ್ದಳು. ಈ ಹೊಳೆಯಲ್ಲಿ ಮೀನು ಹಿಡಿದೇ ಮುದುಕಿಯಾದವಳು.

"ಏನ್ ಮಾರಾಯ, ದೋಣಿ ಏನು ಅಕ್ಕಿ ಮೂಟೆನಾ? ನೀರು ಏರಿದ್ರೆ ಅದೂ ಏರ್ಬೇಕು. ನೀನು ಮೂತಿ ಹಿಡಿದು ಬಿಗಿದಿದೀಯಲ್ಲ!"

"ಮೋಡಾನೇ ಇಲ್ವಲ್ಲಜ್ಜಿ, ನೀರು ಎಲ್ಲಿಂದ ಏರುತ್ತೆ?"

"ಮೇಲೆ ಡ್ಯಾಂ ಇಲ್ವಾ? ನೀರು ಬಿಡ್ತೀವಿ ಅಂತ ಬೆಳಗ್ಗೆ ಮೈಕಲ್ಲಿ ಕೂಗ್ಕೊಂಡು ಹೋದ್ರು. ಕೇಳ್ಲಿಲ್ವಾ?"

ನದೀಮ್‌ಗೆ ಬೆಳಗ್ಗೆಯಿಂದ ಕೇಳಿಸಿದ್ದು ಅವನ ಎಂಜಿನ್ ಸದ್ದೊಂದೇ. "ಇಲ್ಲೀತನಕ ಎಲ್ಲಿ ಬರುತ್ತೆ ಬಿಡಿ" ಎಂದು ನಕ್ಕ.

ಕರಿಯಮ್ಮ ವಾದಕ್ಕೆ ನಿಲ್ಲಲಿಲ್ಲ. ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟಳು. "ಅವ್ನು ಉಣ್ಲಿ. ನೀನು ಮಗೂನ ಎತ್ಕೊಂಡು ಬಾರಮ್ಮ." ನಗ್ಮಾ ಗಂಡನ ಮುಖವನ್ನೂ ನೋಡದೆ ಹೋಗಿ ಮಗಳನ್ನು ಎತ್ತಿ ತಂದಳು.

ಊಟ ಮುಗಿಯುವಷ್ಟರಲ್ಲಿ ಕಡ್ಡಿ ಗೇಣುದ್ದ ಮುಳುಗಿತ್ತು. ದೋಣಿಯ ಹಿಂಭಾಗ ಮೇಲೆದ್ದಿತ್ತು, ಕಟ್ಟಿದ ಮೂತಿ ಮಾತ್ರ ಏಳಲಾಗದೆ ಒಳಗೆ ನೀರು ಕುಡಿಯುತ್ತಿತ್ತು. ನದೀಮ್ ಓಡಿಹೋಗಿ ಗಂಟಿಗೆ ಕೈ ಹಾಕಿದ. ನೆನೆದ ಗಂಟು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಮಗಳು ಮಲಗಿದ್ದ ಜಮಖಾನ ಅವನ ಕಣ್ಣೆದುರೇ ತೇಲತೊಡಗಿತು. ಯಾ ಅಲ್ಲಾ!

ಕರಿಯಮ್ಮ ಚಾಕು ಕೊಟ್ಟು, ದೋಣಿ ಕೊಚ್ಚಿ ಹೋಗದಂತೆ ಅದರ ಹಿಂಬದಿಗೆ ಕಟ್ಟಿದ್ದ ಇನ್ನೊಂದು ಹಗ್ಗ ಹಿಡಿದು ನಿಂತಳು. ನದೀಮ್ ಗಂಟಿನ ಪಕ್ಕದ ಹಗ್ಗ ಕೊಯ್ದದ್ದೇ ತಡ, ಮೂತಿ ಮೇಲೆದ್ದಿತು. ಮೂವರೂ ಸೇರಿ ದೋಣಿಯನ್ನು ದಡಕ್ಕೆ ಎಳೆದರು.

"ತಪ್ಪಾಯ್ತಜ್ಜಿ" ಎಂದ ನದೀಮ್. "ಮತ್ತೆ ಎಲ್ಲಿ ನಿಲ್ಸೋದು, ಹೇಳ್ಕೊಡಿ."

"ಇವತ್ತು ಆಟೋದಲ್ಲಿ ಮನೆಗೆ ಹೋಗು. ಇನ್ನೊಂದಿನ ಬಂದಾಗ ಬಂಡೆ ಸಂದಿ ಬಿಟ್ಟು, ಸೆಳವಿಲ್ಲದ ಅಗಲ ಜಾಗ ನೋಡು. ನೀರು ಕಮ್ಮಿ ಇದ್ದಲ್ಲಿ ಎಂಜಿನ್ ಎತ್ತಿ, ಗಳ ಊರಿ ಆಳ ನೋಡ್ತಾ ಹೋಗು. ಲಂಗರು ಇಳಿಸಿ, ಆಳದ ಐದಾರು ಪಟ್ಟು ಹಗ್ಗ ಬಿಟ್ಟು, ಎಳೆದು ನೋಡು. ಆಮೇಲೆ ದಡದ ಮರ ಒಂದನ್ನ ಗುರುತಿಟ್ಕೋ. ಅದು ಪಕ್ಕಕ್ಕೆ ಸರಿದ ಹಾಗೆ ಕಂಡ್ರೆ ಲಂಗರು ಜಾರ್ತಿದೆ ಅಂತ."

ಆ ಗಂಟು ಈಗ ನದೀಮ್‌ನ ಗ್ಯಾರೇಜಿನ ಗೋಡೆಯಲ್ಲಿದೆ. ಹೊಳೆಗೆ ಹೊರಡುವ ಮುಂಚೆ ಅದನ್ನೊಮ್ಮೆ ನೋಡುತ್ತಾನೆ, ಡ್ಯಾಂ ನೀರಿನ ಸುದ್ದಿ ವಿಚಾರಿಸುತ್ತಾನೆ, ಮನೆಯ ಮೂವರೂ ಲೈಫ್ ಜಾಕೆಟ್ ಹಾಕಿದ ಮೇಲೇ ಎಂಜಿನ್ ಮುಟ್ಟುತ್ತಾನೆ.

ದೋಣಿ ಹತ್ತುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಹಾಗೇ ಮಾಡಿ. ನಿಂತ ದೋಣಿಯಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಅಂದು ಕರಿಯಮ್ಮ ಅಲ್ಲಿದ್ದಳು. ನಿಮ್ಮ ದಡದಲ್ಲಿ ಯಾರೂ ಇಲ್ಲದಿರಬಹುದು.